ಪ್ರಾರ್ಥನೆ ಓದುವ ಮಕ್ಕಳ ಬಾಯಿಗೆ ಮಾತಿನ ಹೀಬ್ರೂ

ಅಮೆರಿಕದ ಯಹೂದಿ ಡೇ ಸ್ಕೂಲೊಂದರ ಎಂಟನೇ ತರಗತಿಯ ಹುಡುಗಿಗೆ ಸಿದ್ದೂರ್, ಅಂದರೆ ಪ್ರಾರ್ಥನೆಯ ಪುಸ್ತಕ ಕೊಟ್ಟು ನೋಡಿ. ಪುಟದ ಮೇಲೆ ಪುಟ ತಡವರಿಸದೆ ಓದುತ್ತಾಳೆ. ಅದೇ ಹುಡುಗಿ ಜೆರುಸಲೇಮಿನ ಬಸ್ ಸ್ಟಾಪಿನಲ್ಲಿ ನಿಂತು, ಈ ಬಸ್ಸು ಮಾರುಕಟ್ಟೆಗೆ ಹೋಗುತ್ತದೆಯೇ ಎಂದು ಕೇಳಬೇಕಾಗಿ ಬಂದರೆ ಮಾತು ಗಂಟಲಲ್ಲೇ ಸಿಕ್ಕಿಕೊಂಡು ಇಂಗ್ಲಿಷಿಗೆ ಹೊರಳುತ್ತಾಳೆ. ಒಂಬತ್ತು ವರ್ಷ ಕಲಿತ ಭಾಷೆ ಅದು. ಚೆನ್ನಾಗಿ ಮಾತಾಡುವ ಮಕ್ಕಳನ್ನು ಹೊರತರುವ ಶಾಲೆಗಳೂ ಇವೆ. ಆದರೆ ಓದು ಬಂದು ಮಾತು ಬಾರದ ಈ ಸ್ಥಿತಿ ಎಷ್ಟು ಸಾಮಾನ್ಯವೆಂದರೆ, ಹೀಬ್ರೂ ಶಿಕ್ಷಕರ ಯಾವ ಸಭೆಯಲ್ಲೂ ಇದರ ಪ್ರಸ್ತಾಪ ಬಾರದೆ ಇರುವುದಿಲ್ಲ.

ಡೇ ಸ್ಕೂಲ್ ಅಂದರೆ ಭಾನುವಾರದ ಧಾರ್ಮಿಕ ತರಗತಿ ಅಂದುಕೊಳ್ಳಬೇಡಿ. ಇದು ಪೂರ್ಣಾವಧಿ ಶಾಲೆ. ದಿನದ ಒಂದು ಪಾಲು ಗಣಿತ, ವಿಜ್ಞಾನ, ಇಂಗ್ಲಿಷ್. ಇನ್ನೊಂದು ಪಾಲು ತೋರಾ ಎಂಬ ಧರ್ಮಗ್ರಂಥ, ಪ್ರಾರ್ಥನೆ, ಹಬ್ಬಗಳು, ಹೀಬ್ರೂ. 2018-19ರ ಎಣಿಕೆಯಲ್ಲಿ ಅಮೆರಿಕದಲ್ಲಿ ಇಂಥ ಸುಮಾರು 900 ಶಾಲೆಗಳಿದ್ದವು, ಅವುಗಳಲ್ಲಿ ಸುಮಾರು 2.9 ಲಕ್ಷ ಮಕ್ಕಳಿದ್ದರು. ಹೆಚ್ಚಿನವು ಆರ್ಥೊಡಾಕ್ಸ್, ಅಂದರೆ ಸಂಪ್ರದಾಯನಿಷ್ಠ ಪಂಥದವು. ಅವುಗಳಲ್ಲಿ ಹಲವಕ್ಕೆ ಮಾತಿನ ಹೀಬ್ರೂ ಗುರಿಯೇ ಅಲ್ಲ, ಧರ್ಮಗ್ರಂಥ ಓದಲು ಬಂದರೆ ಸಾಕು. ಆ ಶಾಲೆಗಳನ್ನು ಇಲ್ಲಿ ಬದಿಗಿಡುತ್ತೇನೆ. ಮಕ್ಕಳು ಹೀಬ್ರೂ ಮಾತಾಡಬೇಕು ಎಂದು ಬಯಸಿ, ಅದಕ್ಕೆ ಪಿರಿಯಡ್ ಇಟ್ಟು, ಶಿಕ್ಷಕರನ್ನು ನೇಮಿಸಿ, ಆದರೂ ಫಲ ಕಾಣದ ಶಾಲೆಗಳ ಮಾತು ನನ್ನದು.

ಮೊದಲು ಲೆಕ್ಕ ಹಾಕೋಣ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಹೀಬ್ರೂ ಕಲಿಸಲು 44 ವಾರ, 1100 ಗಂಟೆ ಇಟ್ಟುಕೊಳ್ಳುತ್ತದೆ. ನಮ್ಮ ನೆರೆಯ ತಮಿಳು, ತೆಲುಗುಗಳೂ ಆ ಪಟ್ಟಿಯಲ್ಲಿ ಅದೇ ವರ್ಗದಲ್ಲಿವೆ. ಈಗ ಶಾಲೆಗೆ ಬನ್ನಿ. ವರ್ಷಕ್ಕೆ 180 ದಿನ, ದಿನಕ್ಕೆ 40 ನಿಮಿಷ ಅಂದರೆ 120 ಗಂಟೆ. ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿವರೆಗೆ ಒಂಬತ್ತು ವರ್ಷಕ್ಕೆ 1080 ಗಂಟೆ. ರಾಜತಾಂತ್ರಿಕರಿಗೂ ಮಕ್ಕಳಿಗೂ ಹೋಲಿಕೆ ಸಲ್ಲದು, ಒಪ್ಪುತ್ತೇನೆ. ಆದರೂ ಸಮಯವೇ ಇಲ್ಲ ಎಂಬ ದೂರು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಆ ಗಂಟೆಗಳು ಎಲ್ಲಿಗೆ ಹೋದವು? ತರಗತಿಯಲ್ಲಿ 18 ಮಕ್ಕಳು. 40 ನಿಮಿಷದಲ್ಲಿ ಶಿಕ್ಷಕಿಯೇ 25 ನಿಮಿಷ ಮಾತಾಡುತ್ತಾರೆ ಅಂದುಕೊಳ್ಳಿ. ಉಳಿದ 15 ನಿಮಿಷದಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಒಂದು ಮಗುವಿನ ಪಾಲಿಗೆ 50 ಸೆಕೆಂಡು. ವರ್ಷಕ್ಕೆ ಎರಡೂವರೆ ಗಂಟೆ. ಒಂಬತ್ತು ವರ್ಷಕ್ಕೆ ಇಪ್ಪತ್ತೆರಡೂವರೆ ಗಂಟೆ. ಆ ಹುಡುಗಿ ಹೀಬ್ರೂ ಕೇಳಿದ್ದು, ಬರೆದದ್ದು, ಓದಿದ್ದು ಸಾವಿರ ಗಂಟೆ. ಬಾಯಿ ಬಿಟ್ಟು ಆಡಿದ್ದು ಒಂದು ದಿನಕ್ಕೂ ಕಡಿಮೆ. ಅದೇ ಪಿರಿಯಡ್ಡಿನಲ್ಲಿ 10 ನಿಮಿಷ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಮಾತಾಡಿಸಿದರೆ ಪ್ರತಿ ಮಗುವಿಗೆ 5 ನಿಮಿಷ ಸಿಗುತ್ತದೆ, ವರ್ಷಕ್ಕೆ 15 ಗಂಟೆ. ಹೊಸ ಪುಸ್ತಕ ಬೇಡ, ಹೆಚ್ಚಿನ ದುಡ್ಡು ಬೇಡ, ಬೆಂಚು ತಿರುಗಿಸಿದರೆ ಸಾಕು. ನಾನು ಮುಂದೆ ಹೇಳುವುದೆಲ್ಲ ಈ ಹತ್ತು ನಿಮಿಷದಲ್ಲಿ ಏನು ನಡೆಯಬೇಕು ಎಂಬುದರ ಸುತ್ತಲೇ.

ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಹೀಬ್ರೂವನ್ನು ಹೀಬ್ರೂವಿನಲ್ಲೇ ಕಲಿಸುವ ಪದ್ಧತಿ, ಅವರ ಮಾತಿನಲ್ಲಿ ‘ಇವ್ರಿತ್ ಬೆಇವ್ರಿತ್’, ಹೊಸದೇನಲ್ಲ. ಹೀಬ್ರೂವನ್ನು ಮತ್ತೆ ಆಡುಮಾತಾಗಿಸಲು ದುಡಿದ, 1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೆಜ಼ರ್ ಬೆನ್ ಯೆಹೂದಾ ಮುಂದೆ ಅಲ್ಲಿನ ಶಾಲೆಯೊಂದರಲ್ಲಿ ಹೀಗೆ ಪಾಠ ಮಾಡಿದರು. ಅಲ್ಲಿನ ಮಕ್ಕಳಲ್ಲಿ ಒಬ್ಬರ ಮನೆಮಾತು ಲಾದಿನೋ, ಇನ್ನೊಬ್ಬರದು ಯಿದ್ದಿಶ್, ಮತ್ತೊಬ್ಬರದು ಅರಬ್ಬಿ. ಅನುವಾದ ಮಾಡಿ ಹೇಳೋಣವೆಂದರೆ ಎಲ್ಲರಿಗೂ ತಿಳಿಯುವ ಭಾಷೆಯೇ ಇಲ್ಲ! 1910ರಲ್ಲಿ ನ್ಯೂಯಾರ್ಕಿನ ಯಹೂದಿ ಶಿಕ್ಷಣ ಬ್ಯೂರೋದ ಹೊಣೆ ಹೊತ್ತ ಸ್ಯಾಮ್ಸನ್ ಬೆಂಡರ್ಲಿ ಇದೇ ಪದ್ಧತಿಯನ್ನು ಅಮೆರಿಕದಲ್ಲಿ ಬೆಳೆಸಿದರು. 1949ರಲ್ಲಿ ಜೆರುಸಲೇಮಿನಲ್ಲಿ ಮೊದಲ ಉಲ್ಪಾನ್, ಅಂದರೆ ವಲಸೆ ಬಂದ ದೊಡ್ಡವರಿಗಾಗಿ ತೀವ್ರ ತರಬೇತಿಯ ಭಾಷಾಶಾಲೆ, ಶುರುವಾಯಿತು. ನಮ್ಮಲ್ಲೂ ಇದರ ನಂಟಿನ ಕೆಲಸ ನಡೆದಿದೆ. 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಕೃತ ಸಂಭಾಷಣ ಶಿಬಿರಗಳಲ್ಲಿ ವಸ್ತು ತೋರಿಸಿ, ಅಭಿನಯಿಸಿ, ಸಂಸ್ಕೃತದಲ್ಲೇ ಸಂಸ್ಕೃತ ಕಲಿಸುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ.

ಆದರೆ ಉಲ್ಪಾನ್ ಮಾದರಿಯನ್ನು ಹಾಗೇ ಎತ್ತಿ ನ್ಯೂಜೆರ್ಸಿಯ ಶಾಲೆಯಲ್ಲಿ ಇಟ್ಟರೆ ನಡೆಯದು. ಉಲ್ಪಾನಿನಿಂದ ಹೊರಬಿದ್ದವರಿಗೆ ಬೀದಿ ಪಾಠ ಮಾಡುತ್ತದೆ. ತರಕಾರಿಯವನು, ಬ್ಯಾಂಕಿನ ಗುಮಾಸ್ತೆ, ಪಕ್ಕದ ಮನೆಯ ಅಜ್ಜಿ ಎಲ್ಲರೂ ಹೀಬ್ರೂ. ನ್ಯೂಜೆರ್ಸಿಯ ಮಗು ಬಾಗಿಲು ದಾಟಿದೊಡನೆ ಇಂಗ್ಲಿಷು. ಮನೆಯಲ್ಲೂ ಇಂಗ್ಲಿಷೇ. ನಿಮ್ಮಲ್ಲಿ ಹೊರನಾಡಿನಲ್ಲಿ ಕನ್ನಡ ಕಲಿಸುವವರಿಗೆ ಇಲ್ಲೊಂದು ವ್ಯತ್ಯಾಸ ಗೊತ್ತಾಗಬೇಕು. ನಿಮ್ಮ ತರಗತಿಯ ಮಗುವಿಗೆ ಅಮ್ಮನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಡೇ ಸ್ಕೂಲಿನ ಬಹುಪಾಲು ಮಕ್ಕಳಿಗೆ ಆ ಕೇಳ್ಮೆಯ ಬಂಡವಾಳವೂ ಇಲ್ಲ. ಆದ್ದರಿಂದ ಬೀದಿಯನ್ನು ತರಗತಿಯೊಳಗೇ ತರಬೇಕಾಗುತ್ತದೆ.

ಏನು ಸಾಧಿಸಬೇಕು ಎಂಬುದಕ್ಕೆ ಅಮೆರಿಕದ ಭಾಷಾ ಶಿಕ್ಷಕರ ಮಂಡಳಿ ಆಕ್ಟ್‌ಫ್ಲ್ 1986ರಿಂದ ಬೆಳೆಸಿಕೊಂಡು ಬಂದ ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ನಾವಿಸ್ ಮಟ್ಟದ ಮಗು ಕಲಿತ ಪದ, ಕಲಿತ ವಾಕ್ಯವನ್ನಷ್ಟೇ ಹೇಳುತ್ತದೆ. ಇಂಟರ್‌ಮೀಡಿಯೆಟ್ ಮಟ್ಟದ ಮಗು ತನ್ನದೇ ವಾಕ್ಯ ಕಟ್ಟುತ್ತದೆ, ತಾನಾಗಿ ಪ್ರಶ್ನೆ ಕೇಳುತ್ತದೆ, ಅಂಗಡಿಯಲ್ಲೋ ಬಸ್ಸಿನಲ್ಲೋ ಒಂದು ಸರಳ ವ್ಯವಹಾರ ಮುಗಿಸಿಕೊಂಡು ಬರುತ್ತದೆ. ಎಂಟನೇ ತರಗತಿ ಮುಗಿಸುವಾಗ ಈ ಎರಡನೇ ಮಟ್ಟದ ಹೊಸ್ತಿಲು ದಾಟಿದರೆ ಅದು ಒಳ್ಳೆಯ ಗುರಿ. ಪಾಠಯೋಜನೆ ಬರೆಯುವಾಗ "ಪಾಠ 7, ಕ್ರಿಯಾಪದದ ವರ್ತಮಾನಕಾಲ" ಎಂದು ಬರೆಯುವ ಬದಲು "ಮಗು ತನಗೆ ಬೇಕಾದ ಊಟವನ್ನು ಕೇಳಿ ಪಡೆಯಬಲ್ಲದು" ಎಂದು ಬರೆಯಿರಿ. ವ್ಯಾಕರಣ ಅದರ ಹಿಂದೆಯೇ ಬರುತ್ತದೆ.

ಒಂದು ಘಟಕವನ್ನು ಬಿಡಿಸಿ ತೋರಿಸುತ್ತೇನೆ. ಫಲಾಫೆಲ್ (ಕಡಲೆ ಅರೆದು ಕರಿದ ಉಂಡೆ) ಅಂಗಡಿ, ಐದನೇ ತರಗತಿ, ಆರು ಪಿರಿಯಡ್.

ಇಸ್ರೇಲಿನ ಅಂಗಡಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ. "ಮಾ ಬಿಶ್ವಿಲ್ಖಾ?" ನಿನಗೇನು ಕೊಡಲಿ. "ಮನಾ ಫಲಾಫೆಲ್ ಬೆಪಿತಾ," ಪಿಟಾ ರೊಟ್ಟಿಯಲ್ಲಿ ಒಂದು ಫಲಾಫೆಲ್. "ಇಮ್ ಹಕೋಲ್?" ಎಲ್ಲ ಹಾಕಲಾ. "ಬ್ಲಿ ಬತ್ಸಾಲ್," ಈರುಳ್ಳಿ ಬೇಡ. "ಖರೀಫ್?" ಖಾರ? "ಕ್ತ್ಸಾತ್," ಸ್ವಲ್ಪ. "ಲಶೆವೆತ್ ಓ ಲಕಾಖತ್?" ಇಲ್ಲೇ ಕೂತು ತಿನ್ನುವುದೋ, ಕಟ್ಟಿಕೊಡುವುದೋ. ಎಲ್ಲ ಸೇರಿ ಅರ್ಧ ನಿಮಿಷ. ಹಿಂದೆ ಸಾಲು ನಿಂತಿರುತ್ತದೆ, ಯಾರೂ ಕಾಯುವುದಿಲ್ಲ.

ಮೊದಲ ಪಿರಿಯಡ್ ಪೂರಾ ಕೇಳುವುದು. ಹೊಸ ಪದ ಹನ್ನೆರಡಕ್ಕಿಂತ ಹೆಚ್ಚು ಬೇಡ. ನಿಜವಾದ ಪಿಟಾ, ಸೌತೆಕಾಯಿ, ಈರುಳ್ಳಿ ಮೇಜಿನ ಮೇಲಿರಲಿ. ಶಿಕ್ಷಕಿ ಹೇಳಿದ್ದನ್ನು ಮಕ್ಕಳು ಎತ್ತಿ ತೋರಿಸುತ್ತಾರೆ, ಜೋಡಿಸುತ್ತಾರೆ. ಬರೆಯುವುದಿಲ್ಲ. ಎರಡನೇ ಪಿರಿಯಡ್ಡಿನಲ್ಲಿ ಪುಟಾಣಿ ಪದಗಳು: ‘ಇಮ್’ ಜೊತೆಗೆ, ‘ಬ್ಲಿ’ ಇಲ್ಲದೆ, ‘ಕ್ತ್ಸಾತ್’ ಸ್ವಲ್ಪ, ‘ಹರ್ಬೇ’ ತುಂಬಾ, ‘ಓದ್’ ಇನ್ನಷ್ಟು, ‘ರಕ್’ ಮಾತ್ರ. ಹೆಚ್ಚಿನ ಪಠ್ಯಗಳು ಇಲ್ಲಿ ಇಪ್ಪತ್ತು ತರಕಾರಿಯ ಹೆಸರು ಕೊಟ್ಟು ಈ ಆರು ಪದಗಳನ್ನು ಬಿಟ್ಟುಬಿಡುತ್ತವೆ. ಕೆಲಸ ಮಾಡುವುದು ಇವು. ತರಕಾರಿಯನ್ನು ಬೆರಳು ಮಾಡಿ ತೋರಿಸಬಹುದು. ‘ಇಲ್ಲದೆ’ ಎಂಬುದನ್ನು ಬೆರಳಲ್ಲಿ ತೋರಿಸಲಾಗದು.

ಮೂರನೆಯದು ಓದು. ಅಂಗಡಿಯ ನಿಜವಾದ ದರಪಟ್ಟಿ ಕೊಡಿ, ಸಿಂಗರಿಸಿದ ಪಠ್ಯದ ಪುಟ ಬೇಡ. ಗಟ್ಟಿಯಾಗಿ ಓದಿಸಬೇಡಿ. ಅತಿ ಅಗ್ಗದ್ದು ಯಾವುದು? ನಿನ್ನ ಕೈಯಲ್ಲಿ 30 ಶೆಕೆಲ್ ಇದೆ, ಏನೇನು ಕೊಳ್ಳಬಹುದು? ನಾಲ್ಕನೆಯದರಲ್ಲಿ ಜೋಡಿಗಳು. ಒಬ್ಬನ ಚೀಟಿಯಲ್ಲಿ ಗಿರಾಕಿಗೆ ಬೇಕಾದದ್ದು, ಇನ್ನೊಬ್ಬನದರಲ್ಲಿ ಅಂಗಡಿಯಲ್ಲಿ ಇರುವುದು. ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣಬಾರದು. ಇದು ಕಡ್ಡಾಯ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಜಗತ್ತಿನಲ್ಲಿ ಶಿಕ್ಷಕರ ಹೊರತು ಬೇರಾರೂ ಕೇಳುವುದಿಲ್ಲ. ಐದನೆಯದರಲ್ಲಿ ಅಂಗಡಿಯವನ ಚೀಟಿ ಬದಲಾಗುತ್ತದೆ: "ಏನ್ ಪಿತೋತ್, ಯೆಶ್ ರಕ್ ಲಾಫಾ." ಪಿಟಾ ಇಲ್ಲ, ಲಾಫಾ ಎಂಬ ಅಗಲ ರೊಟ್ಟಿ ಮಾತ್ರ ಇದೆ. ಈಗೇನು ಮಾಡುತ್ತೀಯ? ಆರನೆಯದು ಪರೀಕ್ಷೆ. ಒಂದೊಂದು ಜೋಡಿಗೆ 2 ನಿಮಿಷ, ಒಂಬತ್ತು ಜೋಡಿಗೆ 18 ನಿಮಿಷ. ಉಳಿದವರು ಆ ಹೊತ್ತಿಗೆ ರೆಕಾರ್ಡಿಂಗ್ ಕೇಳಿ ಯಾರು ಏನು ತರಿಸಿಕೊಂಡರು ಎಂದು ಗುರುತು ಹಾಕುತ್ತಿರುತ್ತಾರೆ.

ಎಲ್ಲಿ ಕೆಡುತ್ತದೆ? ಅತಿ ಹೆಚ್ಚು ಕೆಡುವುದು ಸಂಭಾಷಣೆಯನ್ನು ಬಾಯಿಪಾಠ ಮಾಡಿಸಿದಾಗ. ಮಕ್ಕಳು ವೇದಿಕೆಯ ಮೇಲೆ ಅರಳು ಹುರಿದಂತೆ ಒಪ್ಪಿಸುತ್ತಾರೆ, ತಂದೆತಾಯಂದಿರು ಚಪ್ಪಾಳೆ ತಟ್ಟುತ್ತಾರೆ. ಅಂಗಡಿಯವನು "ಪಿಟಾ ಮುಗಿದಿದೆ" ಎಂದೊಡನೆ ಎಲ್ಲ ತಬ್ಬಿಬ್ಬು. ಆದ್ದರಿಂದಲೇ ಐದನೇ ಪಿರಿಯಡ್ ಬಿಡಬಾರದು. ಸಮಯ ಸಾಲದೆ ಹೋದಾಗ ಎಲ್ಲರೂ ಕತ್ತರಿಸುವುದು ಅದನ್ನೇ. ಎರಡನೆಯದು ಶಿಕ್ಷಕಿಯ ಅವಸರ. ಪ್ರಶ್ನೆ ಕೇಳಿ ಒಂದು ಸೆಕೆಂಡಿನಲ್ಲಿ ತಾವೇ ಉತ್ತರ ಎತ್ತಿಕೊಡುತ್ತಾರೆ. ಮೂರರಿಂದ ಐದು ಸೆಕೆಂಡು ಸುಮ್ಮನಿರಿ, ಮನಸ್ಸಿನಲ್ಲೇ ಎಣಿಸಿ. ತರಗತಿಯಲ್ಲಿ ಆ ಮೌನ ತುಂಬ ಉದ್ದ ಅನ್ನಿಸುತ್ತದೆ, ಮಗುವಿಗೆ ಅಷ್ಟು ಬೇಕೇ ಬೇಕು.

ಇಂಗ್ಲಿಷ್ ಎಷ್ಟಿರಬೇಕು? ತರಗತಿಯ ಹೊತ್ತಿನಲ್ಲಿ ನೂರಕ್ಕೆ 90 ಭಾಗ ಕಲಿಯುವ ಭಾಷೆಯಲ್ಲಿರಲಿ ಎಂಬುದು ಆಕ್ಟ್‌ಫ್ಲ್ ಸಲಹೆ. 40 ನಿಮಿಷದಲ್ಲಿ 4 ನಿಮಿಷ ಇಂಗ್ಲಿಷ್ ಅಂತಾಯಿತು. ಅದನ್ನು ಚಿಲ್ಲರೆಯಾಗಿ ಖರ್ಚು ಮಾಡದೆ ಕೊನೆಗೆ ಒಟ್ಟಿಗೆ ಬಳಸಿ: ಇವತ್ತು ಏನು ಹೇಳಲಾಗಲಿಲ್ಲ, ಏಕೆ? ಮಿಕ್ಕ ಹೊತ್ತಿಗೆ ಮಕ್ಕಳಿಗೆ ಊರುಗೋಲು ಬೇಕು. "ಲೋ ಹೆವಾಂತಿ," ಅರ್ಥವಾಗಲಿಲ್ಲ, "ಓದ್ ಪಾಅಮ್, ಬೆವಕಶಾ," ಇನ್ನೊಮ್ಮೆ ಹೇಳಿ, "ಏಖ್ ಓಮ್ರಿಮ್...?" ಇದನ್ನು ಹೇಗೆ ಹೇಳುವುದು, "ಎಫ್ಶಾರ್...?" ಆಗಬಹುದೇ. ಮೊದಲ ವಾರದಿಂದಲೇ ಇವು ಗೋಡೆಯ ಮೇಲಿರಲಿ. ಶೌಚಾಲಯಕ್ಕೆ ಹೋಗಲು ಅನುಮತಿಯನ್ನು ಹೀಬ್ರೂವಿನಲ್ಲೇ ಕೇಳಬೇಕು ಎಂಬ ನಿಯಮ ಸಣ್ಣದೆನಿಸಬಹುದು. ಆದರೆ ದಿನವೂ ನಿಜವಾದ ಅಗತ್ಯದಿಂದ ಹುಟ್ಟುವ ಮಾತು ಅದೊಂದೇ ಇರುವ ತರಗತಿಗಳೂ ಇವೆ.

ಈಗ ಲಿಂಗದ ವಿಚಾರ. ಹಿಂದಿ ಕಲಿತ ಕನ್ನಡಿಗರಿಗೆ ಇದು ತಟ್ಟನೆ ಹೊಳೆಯುತ್ತದೆ. ಕನ್ನಡದಲ್ಲಿ "ನಾನು ಹೋಗುತ್ತೇನೆ" ಎಂಬುದಕ್ಕೆ ಗಂಡು ಹೆಣ್ಣಿನ ಭೇದವಿಲ್ಲ. ಹಿಂದಿಯಲ್ಲಿ ‘ಜಾತಾ ಹೂಂ’, ‘ಜಾತೀ ಹೂಂ’ ಬೇರೆ. ಹೀಬ್ರೂವೂ ಹಾಗೆಯೇ. ನನಗೆ ಬೇಕು ಎನ್ನಲು ಹುಡುಗ ‘ಅನಿ ರೋತ್ಸೆ’ ಎನ್ನಬೇಕು, ಹುಡುಗಿ ‘ಅನಿ ರೋತ್ಸಾ’. ಹೀಬ್ರೂ ಕಲಿಸುವವರಲ್ಲಿ ಹೆಚ್ಚಿನವರು ಹೆಂಗಸರು. ದಿನವಿಡೀ ಅವರ ಬಾಯಲ್ಲಿ ‘ಅನಿ ರೋತ್ಸಾ’ ಕೇಳಿದ ಹುಡುಗರೂ ಅದನ್ನೇ ಹೇಳತೊಡಗುತ್ತಾರೆ. ತಪ್ಪು ಎಂದು ತಡೆದರೆ ಮಗು ಬಾಯಿ ಮುಚ್ಚುತ್ತದೆ. ಇದಕ್ಕೊಂದು ಸುಲಭದ ಉಪಾಯ ಆ ಭಾಷೆಯೊಳಗೇ ಇದೆ. ವರ್ತಮಾನಕಾಲದಲ್ಲಿ ನಾನು, ನೀನು, ಅವನು ಮೂವರಿಗೂ ಕ್ರಿಯಾಪದದ ರೂಪ ಒಂದೇ, ಲಿಂಗ ಮತ್ತು ವಚನಕ್ಕಷ್ಟೇ ಬದಲಾಗುವುದು. ಆದ್ದರಿಂದ ಹುಡುಗ ತಪ್ಪಿದಾಗ "ಆ, ಅತಾ ರೋತ್ಸೆ ಪಿತಾ?" ಎಂದು ಮರುಪ್ರಶ್ನೆ ಹಾಕಿ. ಮಾತು ಮುಂದುವರಿಯಿತು, ಸರಿಯಾದ ರೂಪವೂ ಅವನ ಕಿವಿಗೆ ಬಿತ್ತು. ಜೊತೆಗೆ ಗಂಡು ದನಿಯ ರೆಕಾರ್ಡಿಂಗುಗಳನ್ನು ಬೇಕೆಂದೇ ಹುಡುಕಿ ಕೇಳಿಸಿ.

ಸಂಖ್ಯೆಗಳಲ್ಲೂ ಲಿಂಗ ಕಾಡುತ್ತದೆ. ಶೆಕೆಲ್ ಪುಲ್ಲಿಂಗ, ಪುಸ್ತಕ ‘ಅಸಾರಾ ಶ್ಕಾಲಿಮ್’ ಎಂದು ಕಲಿಸುತ್ತದೆ. ಮಾರುಕಟ್ಟೆಯಲ್ಲಿ ಕೂಗುವುದು ‘ಎಸೆರ್ ಶೆಕೆಲ್’. ಎರಡೂ ಹತ್ತು ಶೆಕೆಲ್ಲೇ. ಮಗುವಿನ ಕಿವಿಗೆ ಎರಡೂ ಬೀಳಲಿ. ಕಲಿಕೆಯನ್ನು ಸ್ತ್ರೀಲಿಂಗದ ಸಂಖ್ಯೆಗಳಿಂದ ಶುರುಮಾಡಿ, ಏಕೆಂದರೆ ಫೋನ್ ನಂಬರು, ಬಸ್ ನಂಬರು, ಮನೆ ನಂಬರು, ಸುಮ್ಮನೆ ಎಣಿಸುವುದು ಎಲ್ಲ ಅದರಲ್ಲೇ ನಡೆಯುತ್ತದೆ.

ಓದಿನ ತೊಡಕು ಇನ್ನೂ ಆಳದ್ದು. ಹೀಬ್ರೂವಿನಲ್ಲಿ 22 ಅಕ್ಷರ, ಎಲ್ಲ ವ್ಯಂಜನ. ಅವುಗಳಲ್ಲಿ ಐದಕ್ಕೆ ಪದದ ಕೊನೆಯಲ್ಲಿ ಬೇರೆ ರೂಪ. ಸ್ವರಗಳಿಗೆ ನಿಕುದ್ ಎಂಬ ಚುಕ್ಕೆಗೆರೆಗಳು. ಸಿದ್ದೂರಿನಲ್ಲಿ, ಮಕ್ಕಳ ಪಠ್ಯದಲ್ಲಿ ನಿಕುದ್ ಇರುತ್ತದೆ. ಬಸ್ಸಿನ ಬೋರ್ಡು, ಪತ್ರಿಕೆ, ವಾಟ್ಸಾಪ್, ಫಲಾಫೆಲ್ ಅಂಗಡಿಯ ದರಪಟ್ಟಿ ಎಲ್ಲೂ ಇರುವುದಿಲ್ಲ. ಸಾಮೆಖ್, ಪೇ, ರೇಶ್ ಮೂರು ಅಕ್ಷರ ಬರೆದರೆ ಅದು ‘ಸೇಫೆರ್’ ಪುಸ್ತಕವೂ ಆಗಬಹುದು, ‘ಸಪಾರ್’ ಕ್ಷೌರಿಕನೂ ಆಗಬಹುದು. ಸುತ್ತಲ ಮಾತು ನೋಡಿ ತಿಳಿಯಬೇಕು. ಇಸ್ರೇಲಿನ ಮಕ್ಕಳಿಗೂ ಮೊದಮೊದಲ ತರಗತಿಗಳಲ್ಲಿ ನಿಕುದ್ ಇರುತ್ತದೆ, ಆಮೇಲೆ ತಾನಾಗಿ ಕಳಚುತ್ತದೆ. ಅವರಿಗೆ ಆ ಪದ ಕಿವಿಯಲ್ಲಿ ಮೊದಲೇ ಇದೆ, ಕಣ್ಣು ಗುರುತಿಸಿದರೆ ಸಾಕು. ಡೇ ಸ್ಕೂಲಿನ ಮಗು ಉಚ್ಚಾರ ಮಾಡಲು ಕಲಿತಿದೆ, ಪದವನ್ನು ಕೇಳಿಲ್ಲ. ಸಂಧ್ಯಾವಂದನೆಯ ಮಂತ್ರವನ್ನು ಸ್ಫುಟವಾಗಿ ಹೇಳುವ ನಮ್ಮ ಹುಡುಗ ಅದೇ ಸಂಸ್ಕೃತದಲ್ಲಿ ನೀರು ಕೇಳಲಾರದ ಹಾಗೆ. ನಿಕುದ್ ತೆಗೆದರೆ ಡೇ ಸ್ಕೂಲಿನ ಮಗುವಿನ ಓದು ನಿಂತೇಹೋಗುತ್ತದೆ.

ದಾರಿ ಇದು. ಬಾಯಲ್ಲಿ ನಾಲ್ಕಾರು ಸಲ ಆಡಿದ ಪದವನ್ನು ಮಾತ್ರ ನಿಕುದ್ ಇಲ್ಲದೆ ತೋರಿಸಿ. ಎರಡನೇ ತರಗತಿಯಲ್ಲಿ ಮಕ್ಕಳ ಹೆಸರು, ವಾರದ ದಿನ, ತರಗತಿಯ ವಸ್ತುಗಳು. ಮೂರನೆಯದರಲ್ಲಿ ಪರಿಚಿತ ಪಠ್ಯಕ್ಕೆ ನಿಕುದ್ ತೆಗೆದು, ಹೊಸ ಪದಕ್ಕೆ, ಗೊಂದಲದ ಪದಕ್ಕೆ ಮಾತ್ರ ಉಳಿಸಿ. ಕೈಬರಹದ ಲಿಪಿ ಅಚ್ಚಿನದಕ್ಕಿಂತ ಬೇರೆ, ಅದನ್ನೂ ಜೊತೆಗೇ ಕಲಿಸಿ. ಇಸ್ರೇಲಿನಲ್ಲಿ ಚೀಟಿ ಬರೆಯುವವರು ಅಚ್ಚಿನ ಅಕ್ಷರದಲ್ಲಿ ಬರೆಯುವುದಿಲ್ಲ.

ಪ್ರಾರ್ಥನೆ ಮಾತಿಗೆ ಅಡ್ಡಿ ಎಂದು ನಾನು ಹೇಳುತ್ತಿಲ್ಲ. ಅದೊಂದು ಪದಗಳ ದೊಡ್ಡ ಗಂಟು, ಬಿಚ್ಚಿಲ್ಲ ಅಷ್ಟೇ. "ಶೆಮಾ ಇಸ್ರಾಯೆಲ್", ಕೇಳು ಇಸ್ರಾಯೆಲೇ, ಪ್ರತಿ ಮಗುವಿಗೂ ಕಂಠಸ್ಥ. ಅದೇ ಧಾತುವಿನಿಂದ ಫೋನಿನಲ್ಲಿ "ಅತಾ ಶೊಮೇಆ ಓತಿ?" ನನ್ನ ಮಾತು ಕೇಳಿಸುತ್ತಿದೆಯಾ. ರೊಟ್ಟಿಯ ಮೇಲಿನ ಪ್ರಾರ್ಥನೆಯಲ್ಲಿ ‘ಲೇಖೆಮ್’ ಇದೆ, ಬೇಕರಿಯಲ್ಲಿ ಕೇಳುವುದೂ ಅದನ್ನೇ. ತೋರಾದ ಪಾಠದಲ್ಲಿ ‘ವಯೋಮೆರ್’ ಎಂದಿರುತ್ತದೆ, ಅವನು ಹೇಳಿದನು ಎಂದು. ಇಂದಿನ ಮಾತಿನಲ್ಲಿ ಅದು ‘ಹು ಅಮಾರ್’. ತೋರಾ ಪಿರಿಯಡ್ಡಿನ ಕೊನೆಯ ಐದು ನಿಮಿಷ ಅವತ್ತಿನ ಕಥೆಯನ್ನು ಇಂದಿನ ಹೀಬ್ರೂವಿನಲ್ಲಿ ತಿರುಗಿ ಹೇಳಿಸಿ: ಯಾರು ಹೇಳಿದರು, ಯಾರಿಗೆ, ಎಲ್ಲಿ, ಏಕೆ. ಇದಕ್ಕೆ ಇಬ್ಬರು ಶಿಕ್ಷಕರು ಕೂತು ಮಾತಾಡಬೇಕು. ಎಷ್ಟೋ ಶಾಲೆಗಳಲ್ಲಿ ತೋರಾ ಕಲಿಸುವವರಿಗೂ ಭಾಷೆ ಕಲಿಸುವವರಿಗೂ ಒಂದೇ ಭಾಷೆಯ ಪದಪಟ್ಟಿ ಬೇರೆಬೇರೆ. ಸರ್ಕಾರದ ಅನುದಾನದಲ್ಲಿ ನಡೆಯುವ ಹೀಬ್ರೂ ಚಾರ್ಟರ್ ಶಾಲೆಗಳೂ ಇವೆ, 2007ರಲ್ಲಿ ಫ್ಲೋರಿಡಾದಲ್ಲಿ, 2009ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದವು. ಅಲ್ಲಿ ಧರ್ಮ ಕಲಿಸುವಂತಿಲ್ಲ, ಹೀಬ್ರೂ ಹೊತ್ತೆಲ್ಲ ಭಾಷೆಗೇ. ಡೇ ಸ್ಕೂಲಿಗೆ ಆ ಅನುಕೂಲವಿಲ್ಲ. ಅದಕ್ಕೆ ಬದಲು ಈ ಗಂಟು ಇದೆ.

ಇಸ್ರೇಲಿನ ಮಕ್ಕಳೊಡನೆ ಮಾತಾಡಿಸಬೇಕು ಎಂದು ಎಲ್ಲರೂ ವಿಡಿಯೋ ಕರೆಗೆ ಮುಂದಾಗುತ್ತಾರೆ. ಗಡಿಯಾರ ನೋಡಿ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಅಂದರೆ ಇಸ್ರೇಲಿನಲ್ಲಿ ಸಂಜೆ 4, ಶಾಲೆ ಬಿಟ್ಟಾಗಿದೆ. ಮಾರ್ಚಿನಲ್ಲಿ ಕೆಲವು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಅಂತರ 7 ಗಂಟೆಯಿಂದ 6ಕ್ಕೆ ಇಳಿಯುತ್ತದೆ, ಎರಡು ದೇಶಗಳು ಗಡಿಯಾರ ಬದಲಿಸುವ ದಿನ ಬೇರೆ. ಭಾನುವಾರ ಇಸ್ರೇಲಿನಲ್ಲಿ ಶಾಲೆ, ಅಮೆರಿಕದಲ್ಲಿ ರಜೆ. ಆದ್ದರಿಂದ ಧ್ವನಿ ಸಂದೇಶ ಉತ್ತಮ. 30 ಸೆಕೆಂಡು ಮೀರದಿರಲಿ, ಪ್ರತಿ ಸಂದೇಶದಲ್ಲೂ ಒಂದು ಪ್ರಶ್ನೆ ಇರಲಿ, ಬಂದ ಉತ್ತರ ಮುಂದಿನ ಪಾಠದಲ್ಲಿ ಬಳಕೆಯಾಗಲಿ. ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಅಭ್ಯಾಸದ ಆಸೆ ಇರುತ್ತದೆ, ಹಾಗೇ ಬಿಟ್ಟರೆ ಮೂರನೇ ಸಂದೇಶಕ್ಕೆ ಎಲ್ಲ ಇಂಗ್ಲಿಷಾಗುತ್ತದೆ. ಒಂದು ವಾರ ಹೀಬ್ರೂ, ಒಂದು ವಾರ ಇಂಗ್ಲಿಷ್ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಬೀದಿಯಲ್ಲೂ ಇದೇ ಕಥೆ. ಪರದೇಶದ ಉಚ್ಚಾರ ಕೇಳಿದೊಡನೆ ಇಸ್ರೇಲಿಗರು ಇಂಗ್ಲಿಷಿಗೆ ತಿರುಗುತ್ತಾರೆ. "ಎಫ್ಶಾರ್ ಬೆಇವ್ರಿತ್, ಬೆವಕಶಾ?" ಹೀಬ್ರೂವಿನಲ್ಲೇ ಮಾತಾಡೋಣವೇ. ಇಸ್ರೇಲ್ ಪ್ರವಾಸಕ್ಕೆ ಹೊರಡುವ ಮಕ್ಕಳಿಗೆ ಬೇರೇನು ಬಿಟ್ಟರೂ ಈ ವಾಕ್ಯ ಬಿಡಬೇಡಿ.

ಇನ್ನೊಂದು ಕಷ್ಟ ಹೊರನಾಡಿನಲ್ಲಿ ಕನ್ನಡ ಕಲಿಸುವವರಿಗೂ ಪರಿಚಿತ. ಇಸ್ರೇಲಿನಿಂದ ವಲಸೆ ಬಂದವರ ಮಕ್ಕಳು ಅದೇ ತರಗತಿಯಲ್ಲಿರುತ್ತಾರೆ. ಸಲೀಸಾಗಿ ಮಾತಾಡುತ್ತಾರೆ, ಬರೆಯಲು ಬರುವುದಿಲ್ಲ. ಅವರನ್ನು ಅಂಗಡಿಯವರನ್ನಾಗಿ ಮಾಡಿ, ನಿಜವಾದ ವೇಗದಲ್ಲಿ ಮಾತಾಡಲಿ. ಪಕ್ಕದವನಿಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿ ಅರ್ಥ ಹೇಳುವುದು ಮಾತ್ರ ಕೂಡದು. ಓದು ಬರಹಕ್ಕೆ ಅವರಿಗೆ ಬೇರೆ ಕೆಲಸ ಕೊಡಿ.

ಇದನ್ನು ಎಲ್ಲಿಂದ ಶುರುಮಾಡುವುದು ಎಂದು ಕೇಳುವವರಿಗೆ: ಒಂದು ಪಿರಿಯಡ್ಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಸಂಜೆ ಗಡಿಯಾರ ಇಟ್ಟುಕೊಂಡು ಕೇಳಿ. ನೀವು ಮಾತಾಡಿದ ನಿಮಿಷ ಎಷ್ಟು, ಮಕ್ಕಳು ಎಷ್ಟು? ಮಕ್ಕಳು ಕೇಳಿದ ಪ್ರಶ್ನೆ ಎಷ್ಟು, ಬರೀ ಉತ್ತರ ಎಷ್ಟು? ಒಮ್ಮೆಯೂ ಬಾಯಿ ಬಿಡದ ಮಗು ಯಾವುದು? ಆ ಮಗುವಿನ ಹೆಸರು ಬರೆದಿಟ್ಟುಕೊಂಡು, ನಾಳೆಯ ಜೋಡಿ ಚೀಟಿಗಳನ್ನು ಅಲ್ಲಿಂದ ಬರೆಯಲು ಶುರುಮಾಡಿ.